ಯಾರಿಂದ ಯಾರಿಗೆ? ರೋಗಾಣುವಿನ ಡಿಎನ್‌ಎ ಓದಿ ಸೋಂಕಿನ ದಾರಿ ಹುಡುಕುವುದು

ಒಂದೇ ಆಸ್ಪತ್ರೆಯಲ್ಲಿ ಕೆಲವು ದಿನಗಳ ಅಂತರದಲ್ಲಿ ಇಬ್ಬರು ರೋಗಿಗಳಿಗೆ ಸೋಂಕು ತಗುಲಿತು ಅಂದುಕೊಳ್ಳೋಣ. ಲ್ಯಾಬ್ ವರದಿ ಎರಡರಲ್ಲೂ ಬ್ಯಾಕ್ಟೀರಿಯಾದ ಹೆಸರು ಒಂದೇ. ಹಾಗಾದ್ರೆ ಒಬ್ಬರಿಂದ ಇನ್ನೊಬ್ಬರಿಗೆ ಹರಡಿತಾ? ಅಥವಾ ಇಬ್ಬರೂ ಹೊರಗಿನಿಂದಲೇ ಬೇರೆ ಬೇರೆಯಾಗಿ ತಂದದ್ದಾ? ಮೊದಲನೆಯದು ನಿಜವಾದರೆ ಆಸ್ಪತ್ರೆಯೊಳಗೇ ಎಲ್ಲೋ ಒಂದು ದಾರಿ ಇದೆ, ಅದನ್ನು ಹುಡುಕಿ ಮುಚ್ಚದಿದ್ದರೆ ಮೂರನೆಯವರಿಗೂ ಬರುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡೋದೇ ಜೆನೆಟಿಕ್ ಟೈಪಿಂಗ್. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಈ ಲೇಖನದಲ್ಲಿ ನೋಡೋಣ.

ಹೆಸರೊಂದೇ ಸಾಲದು

ಜಾತ್ರೆಯಲ್ಲಿ ನಿಂತು "ಮಂಜುನಾಥ" ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ನಮಗೆ ಬೇಕಾದ ಮಂಜುನಾಥ ಯಾರು ಅಂತ ತಿಳಿಯಲು ತಂದೆಯ ಹೆಸರು, ಊರು, ಮನೆ ಎಲ್ಲ ಕೇಳಬೇಕು. ರೋಗಾಣುಗಳ ಕತೆಯೂ ಹೀಗೇ. "ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ" ಅನ್ನೋದು ಒಂದು ಪ್ರಭೇದದ ಹೆಸರು. ಅದರೊಳಗೆ ಲೆಕ್ಕವಿಲ್ಲದಷ್ಟು ತಳಿಗಳಿವೆ. ಯಾವ ತಳಿ ಎಂದು ಡಿಎನ್‌ಎ ನೋಡಿ ಗುರುತಿಸುವುದೇ ಟೈಪಿಂಗ್. ಇದಕ್ಕೆ ಮೂರು ಮುಖ್ಯ ವಿಧಾನಗಳನ್ನು ತಿಳಿದುಕೊಳ್ಳೋಣ.

ಮೊದಲನೆಯದು ಪಿಎಫ್‌ಜಿಇ. ರೋಗಿಯಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಒಂದು ಕಿಣ್ವದಿಂದ ಕತ್ತರಿಸುತ್ತಾರೆ. ಸಿಕ್ಕ ದೊಡ್ಡ ತುಂಡುಗಳನ್ನು ಜೆಲ್‌ನಲ್ಲಿಟ್ಟು, ವಿದ್ಯುತ್ ಕ್ಷೇತ್ರದ ದಿಕ್ಕನ್ನು ಆಗಾಗ ಬದಲಿಸುತ್ತಾ ಓಡಿಸುತ್ತಾರೆ. ಸಣ್ಣ ತುಂಡು ಮುಂದೆ, ದೊಡ್ಡದು ಹಿಂದೆ. ಕೊನೆಗೆ ಬಾರ್‌ಕೋಡ್‌ನಂಥ ಪಟ್ಟೆಗಳು ಕಾಣುತ್ತವೆ. ಎರಡು ಮಾದರಿಗಳ ಪಟ್ಟೆ ಹೊಂದಿದರೆ ಅವು ಹತ್ತಿರದ ಸಂಬಂಧಿಗಳು.

ಎರಡನೆಯದು 1998ರಲ್ಲಿ ಬಂದ ಎಂಎಲ್‌ಎಸ್‌ಟಿ. ಇದರಲ್ಲಿ ಸಾಮಾನ್ಯವಾಗಿ ಏಳು ಜೀನ್‌ಗಳ ತುಣುಕುಗಳನ್ನು ಮಾತ್ರ ಅಕ್ಷರ ಅಕ್ಷರವಾಗಿ ಓದುತ್ತಾರೆ. ಪ್ರತಿ ಜೀನ್‌ನ ಪ್ರತಿ ಬಗೆಗೂ ಒಂದು ಸಂಖ್ಯೆ. ಏಳು ಸಂಖ್ಯೆಗಳು ಸೇರಿದರೆ ಒಂದು "ಎಸ್‌ಟಿ" ನಂಬರ್. ಸಂಖ್ಯೆಯಾದ್ದರಿಂದ ಬೇರೆ ಬೇರೆ ದೇಶದ ಲ್ಯಾಬ್‌ಗಳೂ ಸುಲಭವಾಗಿ ಹೋಲಿಸಬಹುದು.

ಆದರೆ ಲೆಕ್ಕ ಹಾಕಿ ನೋಡಿ. ಕ್ಲೆಬ್ಸಿಯೆಲ್ಲಾದ ಪೂರ್ತಿ ಜೀನೋಮ್ ಸುಮಾರು 50ರಿಂದ 60 ಲಕ್ಷ ಅಕ್ಷರ. ಎಂಎಲ್‌ಎಸ್‌ಟಿ ಓದುವುದು ಸುಮಾರು 3,000. ಅಂದ್ರೆ ಸಾವಿರಕ್ಕೆ ಒಂದು ಪಾಲೂ ಇಲ್ಲ! ಉಳಿದ ಭಾಗದಲ್ಲಿ ವ್ಯತ್ಯಾಸ ಇದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ರೆಸಲ್ಯೂಶನ್ ಸಮಸ್ಯೆ.

ಮೂರನೆಯದು ಪೂರ್ತಿ ಜೀನೋಮನ್ನೇ ಓದುವುದು. ಆಮೇಲೆ ಎರಡು ಫೈಲ್‌ಗಳ ನಡುವೆ "ಡಿಫ್" ತೆಗೆದಂತೆ ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ಪಟ್ಟಿ ಮಾಡುವುದು.

ಬದಲಾವಣೆಗಳಿಂದ ದಾರಿ

ಬ್ಯಾಕ್ಟೀರಿಯಾ ಇಬ್ಭಾಗವಾಗುವಾಗ ಡಿಎನ್‌ಎ ನಕಲಾಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ಗಿಟ್ ಬಳಸಿದವರಿಗೆ ಇದು ಕಮಿಟ್ ಇದ್ದಂತೆ ಅನ್ನಿಸಬಹುದು.

ಒಂದು ಸಣ್ಣ ಉದಾಹರಣೆ. ಕ ಎಂಬ ರೋಗಿಯ ಬ್ಯಾಕ್ಟೀರಿಯಾವನ್ನು ಮೂಲ ಎಂದಿಟ್ಟುಕೊಳ್ಳೋಣ. ಖ ರೋಗಿಯದರಲ್ಲಿ ಒಂದು ಬದಲಾವಣೆ. ಗ ರೋಗಿಯದರಲ್ಲಿ ಅದೇ ಬದಲಾವಣೆಯ ಜೊತೆಗೆ ಇನ್ನೊಂದು. ಆಗ ಕ-ಖ-ಗ ಎಂಬ ಕ್ರಮ ಹೆಚ್ಚು ಸಂಭವನೀಯ. ಗ ರೋಗಿಯ ಸೋಂಕು ಖ ರೋಗಿಯದಕ್ಕಿಂತ ಮೊದಲೇ ಪತ್ತೆಯಾಗಿದ್ದರೂ ಕೂಡ! ಯಾಕಂದ್ರೆ ಪತ್ತೆಯಾದ ದಿನ ಬೇರೆ, ತಗುಲಿದ ದಿನ ಬೇರೆ. ಕೆಲವರು ಯಾವ ಲಕ್ಷಣವೂ ಇಲ್ಲದೆ ವಾರಗಟ್ಟಲೆ ರೋಗಾಣುವನ್ನು ಹೊತ್ತಿರುತ್ತಾರೆ.

2011, ಬೆಥೆಸ್ಡಾ

ಇದು ನಿಜವಾಗಿ ನಡೆದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಕ್ಲಿನಿಕಲ್ ಸೆಂಟರ್‌ನಲ್ಲಿ. 2011ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಿಂದ ಒಬ್ಬ ಮಹಿಳೆ ಇಲ್ಲಿಗೆ ಬಂದರು. ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಅವರಲ್ಲಿತ್ತು. ಆಸ್ಪತ್ರೆಗೆ ಇದು ಮೊದಲೇ ಗೊತ್ತಿತ್ತು, ಅವರನ್ನು ಪ್ರತ್ಯೇಕವಾಗಿಯೇ ಇಟ್ಟಿತ್ತು. ಜುಲೈನಲ್ಲಿ ಅವರು ಮನೆಗೆ ಹೋದರು. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ, ಮೂರು ವಾರದ ಬಳಿಕ ಮತ್ತೊಬ್ಬರಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಇನ್ನೊಬ್ಬರಲ್ಲಿ, ಮತ್ತೊಬ್ಬರಲ್ಲಿ. ಒಟ್ಟು 18 ರೋಗಿಗಳಿಗೆ ತಗುಲಿತು. ಅವರಲ್ಲಿ 11 ಮಂದಿ ತೀರಿಕೊಂಡರು. 6 ಸಾವುಗಳಿಗೆ ಈ ಸೋಂಕೇ ಕಾರಣ ಎಂದು ವೈದ್ಯರು ತೀರ್ಮಾನಿಸಿದರು.

ಮೂರು ವಾರದ ಆ ಅಂತರವೇ ದೊಡ್ಡ ಒಗಟು. ಮೊದಲ ರೋಗಿಯಿಂದಲೇ ಬಂತೋ, ಹೊರಗಿನಿಂದ ಹೊಸದಾಗಿ ಬಂತೋ? ಹಳೆಯ ವಿಧಾನಗಳು ಇಲ್ಲಿ ಕೈಕೊಟ್ಟವು. ಇದು ಎಸ್‌ಟಿ258, ಅಮೆರಿಕದಲ್ಲಿ ಆಗ ಈ ಬಗೆಯ ನಿರೋಧಕ ಕ್ಲೆಬ್ಸಿಯೆಲ್ಲಾಗಳಲ್ಲಿ ಹೆಚ್ಚಿನವು ಇದೇ ತಳಿ. ಹೊರಗಿನಿಂದ ಬಂದಿದ್ದರೂ ನಂಬರ್ ಅದೇ ಬರುವ ಸಾಧ್ಯತೆಯಿತ್ತು.

ಇವಾನ್ ಸ್ನಿಟ್ಕಿನ್, ಜೂಲಿ ಸೆಗ್ರೆ, ತಾರಾ ಪಾಲ್ಮೋರ್ ಮತ್ತು ಅವರ ತಂಡ ಪೂರ್ತಿ ಜೀನೋಮ್ ಓದಿಸಿತು. ಮೊದಲ ರೋಗಿಯ ದೇಹದ ಬೇರೆ ಬೇರೆ ಭಾಗಗಳಿಂದ ತೆಗೆದ ಮಾದರಿಗಳಲ್ಲೇ ಕೆಲವು ಅಕ್ಷರಗಳ ವ್ಯತ್ಯಾಸ ಇತ್ತು. ಅದೇ ಸುಳಿವಾಯಿತು. ಅವರೊಬ್ಬರಿಂದಲೇ ಮೂರು ಪ್ರತ್ಯೇಕ ಬಾರಿ ಸೋಂಕು ದಾಟಿದೆ ಎಂದು ತಿಳಿಯಿತು. ಅಂದ್ರೆ ನಡುವಿನ ಮೂರು ವಾರ ಬ್ಯಾಕ್ಟೀರಿಯಾ ಯಾರಿಗೂ ಕಾಣದೆ ಆಸ್ಪತ್ರೆಯೊಳಗೇ ಇತ್ತು. ಸಿಂಕ್‌ಗಳ ಕೊಳವೆಯಲ್ಲೂ, ಶುಚಿಗೊಳಿಸಿದ ಮೇಲೂ ಒಂದು ವೆಂಟಿಲೇಟರ್‌ನಲ್ಲೂ ಅದು ಸಿಕ್ಕಿತು. ಲಕ್ಷಣವಿಲ್ಲದವರನ್ನೂ ಪರೀಕ್ಷಿಸುವುದು, ಸೋಂಕಿತರನ್ನು ಪೂರ್ತಿ ಬೇರೆಯಿಡುವುದು, ಕೋಣೆಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಗೊಳಿಸುವುದು, ಹೀಗೆ ಹಲವು ಕ್ರಮಗಳನ್ನು ಒಟ್ಟಿಗೆ ತೆಗೆದುಕೊಂಡ ಮೇಲೆ ಹರಡುವುದು ನಿಂತಿತು. 2012ರಲ್ಲಿ ತಂಡ ಇದನ್ನೆಲ್ಲ ಪ್ರಕಟಿಸಿತು.

ಎಲ್ಲಿ ಎಚ್ಚರ ಬೇಕು

ಜೀನೋಮ್‌ಗಳು ತುಂಬಾ ದೂರ ಇದ್ದರೆ "ಇವರಿಂದ ಅವರಿಗೆ ನೇರವಾಗಿ ಬಂದಿಲ್ಲ" ಎಂದು ಧೈರ್ಯವಾಗಿ ಹೇಳಬಹುದು. ಹತ್ತಿರ ಇದ್ದರೆ ಮಾತ್ರ ಅಷ್ಟು ಸಲೀಸಲ್ಲ. ನಡುವೆ ಪರೀಕ್ಷೆಗೆ ಒಳಗಾಗದ ಮೂರನೆಯವರು ಇರಬಹುದು, ಇಬ್ಬರಿಗೂ ಒಂದೇ ಉಪಕರಣದಿಂದ ಬಂದಿರಬಹುದು. ಅದಕ್ಕೇ ಬೆಥೆಸ್ಡಾದ ತಂಡ ಯಾವ ರೋಗಿ ಯಾವ ದಿನ ಯಾವ ವಾರ್ಡ್‌ನಲ್ಲಿದ್ದರು ಎಂಬ ದಾಖಲೆಯನ್ನೂ ಜೊತೆಗಿಟ್ಟುಕೊಂಡೇ ನಕ್ಷೆ ಬರೆಯಿತು. ಬರೀ ಅಕ್ಷರಗಳಿಂದ ಆ ನಕ್ಷೆ ಆಗುತ್ತಿರಲಿಲ್ಲ.

ಇನ್ನೊಂದು ಮಾತು. ಈ ನಕ್ಷೆಯಲ್ಲಿ ಪ್ರತಿ ಬಾಣವೂ ಒಬ್ಬ ಮನುಷ್ಯನಿಂದ ಇನ್ನೊಬ್ಬರ ಕಡೆಗೆ ತೋರಿಸುತ್ತದೆ. ನೋಡಿದ ಕೂಡಲೇ "ಇವರಿಂದಲೇ ಆಯ್ತು" ಅನ್ನಿಸುವುದು ಸಹಜ. ಆದರೆ ಆ ಮಹಿಳೆ ಚಿಕಿತ್ಸೆಗೆಂದು ಬಂದವರು, ತನಗೆ ಅಂಟಿದ್ದನ್ನು ಬೇಕೆಂದು ಯಾರಿಗೂ ಕೊಟ್ಟವರಲ್ಲ. ಬಾಣ ಹೋದ ದಾರಿಯಲ್ಲಿ ಯಾವ ಕೊಳವೆ, ಯಾವ ಯಂತ್ರ, ಯಾವ ಕೈ ಇತ್ತು ಎಂದು ಹುಡುಕುವುದಕ್ಕೆ ಆ ನಕ್ಷೆ. ನಮ್ಮಲ್ಲಿ ಮುಂದೆ ಬಯೋಇನ್ಫರ್ಮ್ಯಾಟಿಕ್ಸ್ ಕಡೆ ಹೋಗುವವರು ಇಂಥ ಮರಗಳನ್ನು ಬಿಡಿಸುವ ಕೋಡ್ ಬರೆಯಬಹುದು. ಆಗ ಸಾಲಿನಲ್ಲಿರುವ ಒಂದೊಂದು ಎಳೆಯ ತುದಿಯಲ್ಲೂ ಒಂದು ಹಾಸಿಗೆ, ಒಬ್ಬ ರೋಗಿ ಇದ್ದಾರೆ ಎಂಬುದು ನೆನಪಿರಲಿ.