ಗುಂಪಿಗೆ ಸೇರಿ, ಗುಂಪಿನಲ್ಲಿ ಗೋವಿಂದ ಬೇಡ

ಷೇರು ವಿಚಾರ ಮಾತಾಡುವ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಬೇಕೆಂದಿದ್ದೀರಾ? ಸೇರಿ, ತಪ್ಪೇನಿಲ್ಲ. ಕಂಪನಿಯ ಲೆಕ್ಕಪತ್ರ ಓದುವುದನ್ನು ನಾಲ್ಕು ಜನರ ಜೊತೆ ಕಲಿಯುವುದು ಒಳ್ಳೆಯದೇ. ಆದರೆ ಯಾರೋ ಹೆಸರು ಹೇಳಿದ ಷೇರನ್ನು ಮರುಕ್ಷಣವೇ ಕೊಳ್ಳುವುದಿದೆಯಲ್ಲ, ಬಹಳ ಜನ ಎಡವುವುದು ಅಲ್ಲೇ.

‘ಇವತ್ತೇ ತಗೊಳ್ಳಿ, ವಾರದಲ್ಲಿ ದುಪ್ಪಟ್ಟು’ ಎನ್ನುವವರು ಆ ಷೇರನ್ನು ಅಗ್ಗದಲ್ಲಿ ಮೊದಲೇ ಕೊಂಡಿಟ್ಟಿರಬಹುದು. ನೀವೆಲ್ಲ ಮುಗಿಬಿದ್ದು ಬೆಲೆ ಏರಿಸುತ್ತೀರಿ. ಅವರು ಮಾರಿ ಹೊರಡುತ್ತಾರೆ. ವಹಿವಾಟು ಕಡಿಮೆಯಿರುವ ಸಣ್ಣ ಕಂಪನಿಗಳಲ್ಲಿ ಈ ಆಟ ಸುಲಭ.

ಶುಲ್ಕ ಪಡೆದು ಸಲಹೆ ಕೊಡುವವರು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿರಬೇಕು. ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದೂ ಸಂಶೋಧನಾ ವಿಶ್ಲೇಷಕರದು ‘ಐಎನ್‌ಎಚ್’ ಎಂದೂ ಶುರುವಾಗುತ್ತದೆ. ಅದನ್ನು ಕೇಳಿ ಪಡೆದು ಸೆಬಿಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ನೋಂದಾಯಿತರೂ ಖಚಿತ ಲಾಭದ ಭರವಸೆ ಕೊಡುವಂತಿಲ್ಲ, ನೆನಪಿರಲಿ.

ಗುಂಪಿನಲ್ಲಿ ಬಂದ ಲಿಂಕ್ ಒತ್ತಿ ಟ್ರೇಡಿಂಗ್ ಆ್ಯಪ್ ಹಾಕಿಕೊಳ್ಳಬೇಡಿ. ನಕಲಿ ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಅಂಕಿ. ಹಣ ವಾಪಸ್ ಕೇಳಿದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಮೋಸವಾಯಿತೆಂದು ತಿಳಿದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಕೊಳ್ಳುವ ಮುನ್ನ, ಈ ಷೇರು ಏಕೆ ಬೇಕೆಂದು ಮನೆಯವರಿಗೆ ಎರಡು ಮಾತಿನಲ್ಲಿ ವಿವರಿಸಿ ನೋಡಿ. ವಿವರಿಸಲಾಗದಿದ್ದರೆ ಅದು ನಿಮಗೆ ಬೇಡ.