ಇಂಗ್ಲೆಂಡಿನ ಮನೆ, ಊರಿನ ಪಾಲು: ಸಾಲಿಸಿಟರ್ ಮುಂದಿಡಬೇಕಾದ ಪ್ರಶ್ನೆಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯನ್ನು ಕೊಳ್ಳುವವರೂ ಮಾರುವವರೂ ತಮ್ಮ ತಮ್ಮ ಪರವಾಗಿ ಒಬ್ಬ ಸಾಲಿಸಿಟರ್‌ನನ್ನು, ಅಂದರೆ ಹಕ್ಕುಪತ್ರಗಳನ್ನು ಪರಿಶೀಲಿಸಿ, ಕರಾರು ಸಿದ್ಧಪಡಿಸಿ, ಹಣವನ್ನು ಸ್ವೀಕರಿಸಿ ಪಾವತಿಸಿ, ಕೊನೆಗೆ ಭೂ ನೋಂದಣಿಯನ್ನೂ ಮುಗಿಸಿಕೊಡುವ ವಕೀಲರನ್ನು, ನೇಮಿಸಿಕೊಳ್ಳುವುದು ರೂಢಿ. ಈ ಒಂದೇ ಕೆಲಸಕ್ಕೆ ಪರವಾನಗಿ ಪಡೆದ ಕನ್ವೇಯನ್ಸರ್‌ಗಳೂ ಅಲ್ಲಿದ್ದಾರೆ. ಸ್ಕಾಟ್ಲೆಂಡಿನ ಕಾನೂನು ಬೇರೆಯಾದ್ದರಿಂದ ಅದು ಈ ಬರಹದ ವ್ಯಾಪ್ತಿಗೆ ಸೇರಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮನೆ ವ್ಯವಹಾರಗಳನ್ನು ಹತ್ತಿರದಿಂದ ನೋಡಿದ, ಸ್ವತಃ ಅಂಥದೊಂದು ವ್ಯವಹಾರವನ್ನು ನಡೆಸಿದ ಈ ಅಂಕಣಕಾರರ ಅನುಭವದಲ್ಲಿ, ದುಬಾರಿಯಾಗಿ ಪರಿಣಮಿಸುವ ಪ್ರಶ್ನೆಗಳು ಇಂಗ್ಲೆಂಡಿನ ಮನೆಗಿಂತ ಹೆಚ್ಚಾಗಿ ಕರ್ನಾಟಕದಲ್ಲಿರುವ ಮನೆಗೆ ಸಂಬಂಧಿಸಿರುತ್ತವೆ.

ಮೊದಲಿಗೆ, ವ್ಯವಹಾರವು ಯಾವ ಕ್ಷಣದಲ್ಲಿ ಗಟ್ಟಿಯಾಗುತ್ತದೆ ಎಂಬುದನ್ನು ತಿಳಿಯಬೇಕು. ನಮ್ಮಲ್ಲಿ ಮಾತುಕತೆ ಮುಗಿದು ಮುಂಗಡ ಕೈಸೇರಿದರೆ ಅರ್ಧ ಕೆಲಸವಾದಂತೆ ಎಂಬ ಭಾವನೆ ಇದೆ. ಇಂಗ್ಲೆಂಡಿನಲ್ಲಿ ಮಾರುವವರು ಬೆಲೆಗೆ ಒಪ್ಪಿದರೂ ಆ ಒಪ್ಪಿಗೆಗೆ ಕಾನೂನಿನ ಬಲವಿಲ್ಲ. 1989ರ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಕರಾರು ಬರಹದಲ್ಲಿದ್ದು, ಒಪ್ಪಿದ ಎಲ್ಲ ಷರತ್ತುಗಳನ್ನೂ ಒಳಗೊಂಡು, ಎರಡೂ ಪಕ್ಷಗಳ ಸಹಿ ಹೊಂದಿರಬೇಕು. ಸಹಿಯಾದ ಪ್ರತಿಗಳನ್ನು ಸಾಲಿಸಿಟರ್‌ಗಳು ಪರಸ್ಪರ ಬದಲಿಸಿಕೊಳ್ಳುವ ಹಂತಕ್ಕೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಅಲ್ಲಿಯವರೆಗೆ ಯಾರು ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಮಾರುವವರು ಹೆಚ್ಚು ಬೆಲೆ ಕೊಡುವ ಇನ್ನೊಬ್ಬರನ್ನು ಒಪ್ಪಿಕೊಳ್ಳಲೂಬಹುದು. ಆಗ ಕೊಳ್ಳುವವರು ಕಟ್ಟಡದ ಸರ್ವೆಗೂ, ಸ್ಥಳೀಯ ಆಡಳಿತ, ನೀರು, ಒಳಚರಂಡಿ ಮುಂತಾದ ದಾಖಲೆಗಳ ತಪಾಸಣೆಗೂ ತೆತ್ತ ಹಣ ಮರಳಿ ಬರುವುದಿಲ್ಲ. ಎಕ್ಸ್‌ಚೇಂಜ್ ಆದ ಮೇಲೆ ಪರಿಸ್ಥಿತಿ ಪೂರ್ತಿ ತಿರುಗುತ್ತದೆ. ಸಾಮಾನ್ಯವಾಗಿ ಬೆಲೆಯ 10% ಠೇವಣಿ ಕಟ್ಟಬೇಕಾಗುತ್ತದೆ, ಮನೆ ಒಪ್ಪಿಸುವ ದಿನ ನಿಗದಿಯಾಗುತ್ತದೆ, ಬಳಕೆಯಲ್ಲಿರುವ ಮಾದರಿ ಷರತ್ತುಗಳ ಪ್ರಕಾರ ಕಟ್ಟಡಕ್ಕೆ ಆಗಬಹುದಾದ ಹಾನಿಯ ಹೊಣೆಯೂ ಅಂದಿನಿಂದಲೇ ಕೊಳ್ಳುವವರದಾಗುವುದರಿಂದ ವಿಮೆಯನ್ನೂ ಅಂದೇ ಮಾಡಿಸಬೇಕಾಗುತ್ತದೆ. ನಿಗದಿತ ದಿನ ಹಣ ಹೊಂದಿಸದವರಿಗೆ 10 ಕೆಲಸದ ದಿನಗಳ ಗಡುವಿನ ನೋಟಿಸ್ ಕೊಡಬಹುದು. ಆ ಗಡುವೂ ಮೀರಿದರೆ ಮಾರುವವರು ಕರಾರನ್ನು ರದ್ದುಗೊಳಿಸಿ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಹೀಗಾಗಿ ಎಲ್ಲ ಸಂದೇಹಗಳೂ ಎಕ್ಸ್‌ಚೇಂಜ್‌ಗೆ ಮುನ್ನವೇ ಬಗೆಹರಿದಿರಬೇಕು.

ಅವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಸ್ಟ್ಯಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್, ಅಂದರೆ ಕೊಳ್ಳುವವರು ಸರ್ಕಾರಕ್ಕೆ ಕಟ್ಟುವ ತೆರಿಗೆ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರಗಳ ಪ್ರಕಾರ 4,00,000 ಪೌಂಡ್ ಬೆಲೆಯ ಮನೆಗೆ ಸಾಮಾನ್ಯ ತೆರಿಗೆ 10,000 ಪೌಂಡ್; ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ರಿಯಾಯಿತಿ ಇರುವುದರಿಂದ ಅವರಿಗೆ 5,000 ಪೌಂಡ್; ಈಗಾಗಲೇ ಬೇರೊಂದು ಮನೆಯಿದ್ದು ಇದು ಹೆಚ್ಚುವರಿ ಮನೆಯಾದರೆ, 2024ರ ಅಕ್ಟೋಬರ್ 31ರಿಂದ 5% ಆಗಿರುವ ಮೇಲ್ತೆರಿಗೆಯೂ ಸೇರಿ 30,000 ಪೌಂಡ್. ಈ ಎರಡೂ ಲೆಕ್ಕಗಳಲ್ಲಿ ‘ಬೇರೊಂದು ಮನೆ’ ಎಂದರೆ ಪ್ರಪಂಚದ ಯಾವುದೇ ಮೂಲೆಯಲ್ಲಿರುವ ಮನೆ ಎಂದು ಅರ್ಥ. ಬೆಂಗಳೂರಿನ ಅಪಾರ್ಟ್‌ಮೆಂಟ್, ಹಾಸನದ ಹಳೆಯ ಮನೆ, ಉಡುಪಿಯ ಬಾಡಿಗೆ ಮನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊದಲ ಖರೀದಿಯ ರಿಯಾಯಿತಿಗೆ ಅರ್ಹರಾಗಲು ಕೊಳ್ಳುವವರೆಲ್ಲರೂ ಹಿಂದೆಂದೂ ಎಲ್ಲಿಯೂ ವಾಸದ ಮನೆಯ ಒಡೆತನ ಹೊಂದಿರಬಾರದು. ಪಿತ್ರಾರ್ಜಿತವಾಗಿಯೋ ದಾನವಾಗಿಯೋ ಬಂದ ಪಾಲೂ ಒಡೆತನವೇ. ಮೇಲ್ತೆರಿಗೆಯ ವಿಷಯದಲ್ಲಿ ಪಾಲಿನ ಮೌಲ್ಯ 40,000 ಪೌಂಡ್‌ಗಿಂತ ಕಡಿಮೆಯಿದ್ದರೆ ವಿನಾಯಿತಿ ಇದೆ. ಕಳೆದ 3 ವರ್ಷಗಳೊಳಗೆ ಉತ್ತರಾಧಿಕಾರದಿಂದ ಬಂದ, ಅರ್ಧಕ್ಕಿಂತ ಹೆಚ್ಚಲ್ಲದ ಪಾಲಿಗೂ ವಿನಾಯಿತಿ ಇದೆ. ಒಟ್ಟಿಗೆ ಬಾಳುತ್ತಿರುವ ಗಂಡ ಹೆಂಡಿರನ್ನು ಮೇಲ್ತೆರಿಗೆಯ ಮಟ್ಟಿಗೆ ಒಂದೇ ಘಟಕವಾಗಿ ನೋಡುವುದರಿಂದ, ಪತ್ನಿಯ ಹೆಸರಿನಲ್ಲಿ ಮೈಸೂರಿನಲ್ಲಿ ಮನೆಯಿದ್ದು ಪತಿಯೊಬ್ಬನೇ ಇಂಗ್ಲೆಂಡಿನಲ್ಲಿ ಕೊಂಡರೂ ಅದು ತಪ್ಪುವುದಿಲ್ಲ.

ಇಲ್ಲಿ ಕನ್ನಡಿಗರು ಎಡವುವ ಜಾಗ ಖಾತೆ. ‘ಊರಿನ ಮನೆಯ ಖಾತೆ ಇನ್ನೂ ತಂದೆಯ ಹೆಸರಿನಲ್ಲೇ ಇದೆ, ಆದ್ದರಿಂದ ತಮಗೆ ಯಾವ ಮನೆಯೂ ಇಲ್ಲ’ ಎಂದು ಸಾಲಿಸಿಟರ್ ಕಳುಹಿಸಿದ ಪ್ರಶ್ನಾವಳಿಯಲ್ಲಿ ಬರೆದವರನ್ನು ಈ ಅಂಕಣಕಾರರು ಬಲ್ಲರು. ಆದರೆ ಉಯಿಲು ಬರೆಯದೆ ತಂದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಯಾರ್ಜಿತ ಮನೆಯಲ್ಲಿ ಪತ್ನಿಗೂ ಮಕ್ಕಳಿಗೂ, ಅವರ ತಾಯಿ ಬದುಕಿದ್ದರೆ ಆಕೆಗೂ, ಅಂದೇ ಪಾಲು ಹುಟ್ಟಿರುತ್ತದೆ. ಖಾತೆ ಬದಲಾವಣೆ ಎಂಬುದು ಮುಖ್ಯವಾಗಿ ಕಂದಾಯದ ದಾಖಲೆ, ಅದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಪ್ರಶ್ನೆ ಇನ್ನೂ ಜಟಿಲ. ಅದರಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ, 2005ರ ತಿದ್ದುಪಡಿಯ ಬಳಿಕ ಹೆಣ್ಣುಮಕ್ಕಳಿಗೂ ಅದೇ ಹಕ್ಕಿದೆ, ಮತ್ತು ಅಂಥ ಹಕ್ಕನ್ನು ಇಂಗ್ಲೆಂಡಿನ ತೆರಿಗೆ ಕಾನೂನಿನಡಿ ಹೇಗೆ ಪರಿಗಣಿಸಬೇಕೆಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಸಾಲದು. ಮನೆ ವರ್ಗಾವಣೆಯ ಸಾಲಿಸಿಟರ್‌ಗಳಲ್ಲಿ ಹಲವರು ಇಂಥ ತೆರಿಗೆ ಸಲಹೆಯನ್ನು ತಮ್ಮ ಶುಲ್ಕದ ವ್ಯಾಪ್ತಿಯಿಂದ ಹೊರಗಿಡುತ್ತಾರೆ. ಆದ್ದರಿಂದ ತೆರಿಗೆ ತಜ್ಞರ ಲಿಖಿತ ಅಭಿಪ್ರಾಯಕ್ಕೆ ಹಣ ಖರ್ಚು ಮಾಡುವುದು ಸರಿಯಾದ ಖರ್ಚು. ಸ್ಟ್ಯಾಂಪ್ ಡ್ಯೂಟಿಯ ಲೆಕ್ಕಪತ್ರವನ್ನು ಖರೀದಿ ಮುಗಿದ 14 ದಿನಗಳೊಳಗೆ ಸಲ್ಲಿಸಬೇಕಾಗಿದ್ದು, ಅದನ್ನು ಸಾಲಿಸಿಟರ್ ಸಲ್ಲಿಸಿದರೂ ಅದರಲ್ಲಿನ ಮಾಹಿತಿಗೆ ಹೊಣೆಗಾರರು ಕೊಂಡವರೇ. ಇತ್ತೀಚೆಗಷ್ಟೇ ಇಂಗ್ಲೆಂಡಿಗೆ ಹೋದವರು ಇನ್ನೊಂದನ್ನು ಗಮನಿಸಬೇಕು: ಖರೀದಿಗೆ ಹಿಂದಿನ 12 ತಿಂಗಳಲ್ಲಿ ಅವರು ಆ ದೇಶದಲ್ಲಿ ಕನಿಷ್ಠ 183 ದಿನ ಇರದಿದ್ದರೆ ಅನಿವಾಸಿ ಎಂಬ ಕಾರಣಕ್ಕೆ 2% ಹೆಚ್ಚುವರಿ ತೆರಿಗೆ ಬೀಳುತ್ತದೆ, ಆಮೇಲಿನ ವಾಸದ ಆಧಾರದ ಮೇಲೆ ಅದನ್ನು ಮರಳಿ ಪಡೆಯುವ ಅವಕಾಶವೂ ಇದೆ.

ತಂದೆತಾಯಿಯರು ಕಳುಹಿಸುವ ಹಣದ ವಿಷಯವೂ ಇಷ್ಟೇ ಎಚ್ಚರ ಬೇಡುತ್ತದೆ. 2017ರ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಡಿ ಸಾಲಿಸಿಟರ್‌ಗಳು ಹಣದ ಮೂಲವನ್ನು ವಿಚಾರಿಸಬೇಕಾಗುತ್ತದೆ. ದಾವಣಗೆರೆಯ ನಿವೇಶನ ಮಾರಿ ಬಂದ ಹಣವಾದರೆ ಕ್ರಯಪತ್ರ, ಬ್ಯಾಂಕ್ ಖಾತೆಯ ವಿವರ, ಅಗತ್ಯವಿದ್ದಲ್ಲಿ ಅವುಗಳ ಇಂಗ್ಲಿಷ್ ಅನುವಾದ ಎಲ್ಲವನ್ನೂ ಕೇಳಬಹುದು, ಮತ್ತು ಆ ಮಾರಾಟದಲ್ಲಿ ದಾಖಲೆಗೆ ಬಾರದೆ ನಗದಾಗಿ ಬಂದ ಭಾಗಕ್ಕೆ ಅಲ್ಲಿ ಯಾವ ಸಮರ್ಥನೆಯೂ ನಿಲ್ಲುವುದಿಲ್ಲ. ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳುಹಿಸಬಹುದಾದ ಮಿತಿ 2,50,000 ಡಾಲರ್. ಉಡುಗೊರೆಯಾಗಿ ಕಳುಹಿಸುವ ಹಣ 10 ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗಕ್ಕೆ ಬ್ಯಾಂಕು 20% ತೆರಿಗೆಯನ್ನು ಮೊದಲೇ ಸಂಗ್ರಹಿಸುತ್ತದೆ, ಕಳುಹಿಸಿದವರು ಅದನ್ನು ತಮ್ಮ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಗೃಹಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ಇದು ಮರುಪಾವತಿಯಿಲ್ಲದ ಉಡುಗೊರೆ, ಮನೆಯಲ್ಲಿ ಕೊಟ್ಟವರಿಗೆ ಹಕ್ಕಿಲ್ಲ ಎಂಬ ಸಹಿ ಮಾಡಿದ ಪತ್ರವನ್ನು ಕೇಳುತ್ತದೆ. ಬಾಳಿನ ಉಳಿತಾಯವನ್ನೇ ಕೊಡುವ ಹಿರಿಯರಿಗೆ ಆ ಪತ್ರದ ಅರ್ಥವನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳದೆ ಸಹಿ ಹಾಕಿಸುವುದು ಅನ್ಯಾಯ. ದಂಪತಿಗಳಲ್ಲಿ ಒಬ್ಬರ ಮನೆಯವರಷ್ಟೇ ಹಣ ಕೊಟ್ಟಿದ್ದರೆ, ಒಬ್ಬರು ತೀರಿದಾಗ ಇಡೀ ಮನೆ ಬದುಕಿದವರಿಗೆ ತಾನಾಗಿ ಸೇರುವ ಜಂಟಿ ಒಡೆತನ ಬೇಕೋ, ಇಷ್ಟಿಷ್ಟು ಎಂದು ಗೊತ್ತುಪಡಿಸಿದ ಪ್ರತ್ಯೇಕ ಪಾಲಿನ ಒಡೆತನ ಬೇಕೋ ಎಂಬುದನ್ನೂ ಆಗಲೇ ತೀರ್ಮಾನಿಸಿ ಪತ್ರ ಮಾಡಿಸಬೇಕು.

ಮಾರುವವರ ಮುಖ್ಯ ಹೊಣೆ ಸತ್ಯವಾದ ಉತ್ತರ. ನೆರೆಹೊರೆಯ ತಕರಾರು, ಅನುಮತಿಯಿಲ್ಲದೆ ಕಟ್ಟಿದ ಭಾಗ, ನೆರೆಯ ನೀರು ಮುಂತಾದವುಗಳ ಬಗ್ಗೆ ಅವರು ಆಸ್ತಿ ಮಾಹಿತಿ ನಮೂನೆಯನ್ನು ತುಂಬಬೇಕು; ಅದರಲ್ಲಿ ಸುಳ್ಳಿದ್ದರೆ 1967ರ ಕಾಯ್ದೆಯಡಿ ಪರಿಹಾರ ತೆರಬೇಕಾಗಬಹುದು. ಲಂಡನ್ನಿನ ನಾಟಿಂಗ್ ಹಿಲ್‌ನ 3.25 ಕೋಟಿ ಪೌಂಡ್ ಬೆಲೆಯ ಬಂಗಲೆಯ ಗೋಡೆಗಳ ಒಳಪದರದಲ್ಲಿ ಬಟ್ಟೆ ತಿನ್ನುವ ಪತಂಗಗಳು ತುಂಬಿದ್ದುದನ್ನು ಮುಚ್ಚಿಟ್ಟ ಪ್ರಕರಣದಲ್ಲಿ, 2019ರಲ್ಲಿ ನಡೆದ ಮಾರಾಟವನ್ನೇ ಅಲ್ಲಿನ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕೇಳದ ಪ್ರಶ್ನೆಗೆ ಇಂಥ ರಕ್ಷಣೆ ಸಿಗುವುದು ಕಷ್ಟ. ಸಾಲಿಸಿಟರ್ ಮನೆಯನ್ನು ಹೋಗಿ ನೋಡುವುದೂ ಇಲ್ಲ, ಆದ್ದರಿಂದ ಗೋಡೆ, ಚಾವಣಿಗಳ ಸ್ಥಿತಿಗೆ ಸ್ವತಂತ್ರ ಸರ್ವೆಯೇ ಆಧಾರ. ಫ್ಲ್ಯಾಟ್‌ಗಳು ಬಹುಮಟ್ಟಿಗೆ ಲೀಸ್‌ಹೋಲ್ಡ್, ಅಂದರೆ ನಿರ್ದಿಷ್ಟ ವರ್ಷಗಳ ಹಕ್ಕು, ಆಗಿರುವುದರಿಂದ ಉಳಿದ ಅವಧಿ 80 ವರ್ಷದ ಸಮೀಪ ಬಂದಿದೆಯೇ, ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು ಎಂಬುದನ್ನು ಮೊದಲೇ ವಿಚಾರಿಸಬೇಕು.

ಹಣ ಕಳುಹಿಸುವ ದಿನ ಸಾಲಿಸಿಟರ್ ಹೆಸರಿನಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಅದನ್ನು ವಂಚನೆಯೆಂದೇ ಭಾವಿಸಿ, ಆ ಇಮೇಲ್‌ನಲ್ಲಿರುವ ಸಂಖ್ಯೆಗಲ್ಲದೆ ಮೊದಲ ಪತ್ರದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು; ತಪ್ಪು ಖಾತೆಗೆ ಹೋದ ಮನೆಯ ಹಣವನ್ನು ಪೂರ್ತಿ ಮರಳಿ ಪಡೆಯುವುದು ದುಸ್ತರ. ಕರ್ನಾಟಕಕ್ಕೆ ಮರಳಿ ನೆಲೆಸಿದ ಮೇಲೆ ಇಂಗ್ಲೆಂಡಿನ ಮನೆಯನ್ನು ಮಾರುವವರು, ಲಾಭವಿರಲಿ ಬಿಡಲಿ, 60 ದಿನಗಳೊಳಗೆ ಅಲ್ಲಿನ ತೆರಿಗೆ ಇಲಾಖೆಗೆ ವರದಿ ಸಲ್ಲಿಸಬೇಕು. ಮಾರದೆ ಉಳಿಸಿಕೊಂಡವರು ಭೂ ನೋಂದಣಿ ಕಚೇರಿಯಲ್ಲಿ ತಮ್ಮ ಈಗಿನ ವಿಳಾಸವನ್ನು ದಾಖಲಿಸಿ, ಆ ಆಸ್ತಿಯ ಮೇಲೆ ಯಾರಾದರೂ ಅರ್ಜಿ ಹಾಕಿದರೆ ಇಮೇಲ್ ಕಳುಹಿಸುವ ಎಚ್ಚರಿಕೆ ಸೇವೆಗೆ ಹೆಸರು ಕೊಡಲಿ. ಆ ಸೇವೆಗೆ ಶುಲ್ಕವಿಲ್ಲ.