ಕೇಕಿನ ಮೈ ಕಾಣಲಿ, ತಂಗಿ

ತಂಗಿ, ವರ್ಷದ ಕಡೆಯ ರಾತ್ರಿಗೆ ಈ ಸಲ ಮನೆಯಲ್ಲೇ ಕೇಕು ಮಾಡುತ್ತೇನೆ, ಮೇಲೆ ಏನು ಹಾಕಲಿ ಅಕ್ಕಾ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ನಾನು ಹೇಳಲು ಶುರು ಮಾಡಿದಾಗ ನಿನ್ನ ಕುಕ್ಕರು ಸೀಟಿ ಹೊಡೆಯಿತು, ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನು ಬರೆದೇ ಕಳಿಸುತ್ತೇನೆ. ಒಲೆಯ ಮುಂದೆ ಓದಬೇಡ, ಹಿಂದಿನ ದಿನ ಕೂತು ಓದು.

ಡಿಸೆಂಬರ್ 31ರ ಸಂಜೆ ನಿಮ್ಮ ಅಣ್ಣಿಗೇರಿಯ ಬೇಕರಿಗಳ ಮುಂದೆ ಮೇಜು ಹಾಕಿ ಕೇಕು ಜೋಡಿಸಿರುತ್ತಾರಲ್ಲ, ಒಮ್ಮೆ ನಿಂತು ನೋಡು. ಗುಲಾಬಿ ಬಣ್ಣದ ಹೂವು, ಹಸಿರು ಎಲೆ, ಕೆಂಪು ಜೆಲ್ಲಿ, ಬೆಳ್ಳಿ ಗುಂಡು, ಅದರ ಮೇಲೆ ಅಕ್ಷರ. ಕೆಳಗೆ ಕೇಕು ಇದೆಯೋ ಇಲ್ಲವೋ ಕತ್ತರಿಸಿದ ಮೇಲೆಯೇ ಗೊತ್ತಾಗುವುದು. ನಾನೂ ಒಂದು ವರ್ಷ ಅಂಥದ್ದಕ್ಕೆ ಮನಸೋತು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ನಮ್ಮೂರಿಗೆ ಇರುವುದು ಸುಮಾರು 35 ಕಿಲೋಮೀಟರು. ಮನೆಗೆ ಬಂದು ಡಬ್ಬಿ ತೆರೆದರೆ ಹೂವೆಲ್ಲ ಒಂದೇ ಮೂಲೆಗೆ ಜಾರಿ ಕೂತಿದ್ದವು. ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ. ಮಕ್ಕಳು ಆ ಬಣ್ಣದ ಕ್ರೀಮನ್ನು ಚಮಚದಿಂದ ಕೆರೆದು ತಟ್ಟೆಯಂಚಿಗೆ ತಳ್ಳಿ, ಒಳಗಿನ ಕೇಕನ್ನಷ್ಟೇ ತಿಂದರು.

ಅವತ್ತು ನನಗೆ ನೆನಪಾದದ್ದು ನಮ್ಮವ್ವ. ಅವಳು ಕಸೂತಿ ಹಾಕುತ್ತಿದ್ದಳು. ಹುಡುಗಿಯಾಗಿದ್ದಾಗ ನಾನೊಮ್ಮೆ ಕುಬಸದ ಖಣದ ತುಂಬ ಗೋಪುರ, ಆನೆ, ತೇರು, ತುಳಸಿಕಟ್ಟೆ ಎಲ್ಲವನ್ನೂ ಒತ್ತೊತ್ತಾಗಿ ತುಂಬಿಸಿ ತೋರಿಸಿದೆ. ಅವ್ವ ಬೈಯಲಿಲ್ಲ. "ಚಂದ ಹಾಕೀಯವ್ವಾ. ಆದ್ರ ಬಟ್ಟಿ ಮೈ ಎಲ್ಲಿ ಹೋತು? ದಾರ ಕಾಣಬೇಕಂದ್ರ ಬಟ್ಟಿನೂ ಕಾಣಬೇಕು" ಅಂದಳು. ಕೇಕಿಗೂ ನಾನು ಹೇಳುವುದು ಇದೇ ಮಾತು.

ಹಾಗಂತ ತುಂಬು ಅಲಂಕಾರವೇ ತಪ್ಪು ಅನ್ನುವುದಿಲ್ಲ. ಕಲಘಟಗಿಯ ತೊಟ್ಟಿಲು ನೋಡು. ಅರಗಿನ ಬಣ್ಣ, ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರ, ಬಳ್ಳಿ ಸಾಲು, ಬೆರಳಿಡಲು ಜಾಗವಿಲ್ಲ. ಅದು ಅಜ್ಜಿಯಿಂದ ಮೊಮ್ಮಗಳವರೆಗೆ ತಲೆಮಾರು ದಾಟುವ ಸಾಮಾನು, ಕೂಸು ಮಲಗಿಕೊಂಡು ದಿನವೂ ನೋಡುವಂಥದ್ದು. ಕೇಕಿನ ಆಯುಷ್ಯ ಚಾಕು ಬೀಳುವವರೆಗೆ ಹತ್ತು ನಿಮಿಷ. ಅದಕ್ಕೆ ಒಂದೇ ಮಾತು ಸಾಕು. ಧಾರವಾಡದ ಫೇಡೆ ಮೈಗೆ ಸಕ್ಕರೆಪುಡಿ ಹಚ್ಚಿಕೊಂಡು ಕೂತಿದೆ, ಅಷ್ಟೇ. ಯಾರಾದರೂ ಅದನ್ನು ಸಪ್ಪೆ ಅಂದಾರೇನು?

ನಿಮ್ಮತ್ತೆ 'ಇದೇನು ನಮ್ಮ ಹಬ್ಬದ ತಿನಿಸೇ' ಎಂದು ಕೇಳಿದರೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನಪಿಸು. ದೀಪಾವಳಿ ಮುಗಿದು ಆ ಹುಣ್ಣಿಮೆ ಬರುವಷ್ಟರಲ್ಲಿ ನೆನೆಸಿದ ಕಟ್ಟಿಗೆ ಅಚ್ಚಿಗೆ ಪಾಕ ಹೊಯ್ದು ಗಿಳಿ, ನವಿಲು, ಆನೆ, ತೇರು ಇಳಿಸುವ ಊರು ನಮ್ಮದು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಗೊಂಬೆ ಹೋಗುವ ಪದ್ಧತಿಯೂ ನಮ್ಮದೇ. ಸಕ್ಕರೆಯನ್ನು ಕಣ್ಣಿಗೆ ಹಬ್ಬ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ಕೆಲಸಕ್ಕೆ ಬಾ. ನನ್ನ ಸಲಹೆ ಇಷ್ಟು: ಚಂದ್ರಕಾಳಿ ಸೀರೆಯಂಥ ಕೇಕು ಮಾಡು. ಹಿಂದೆ ಮದುವಣಗಿತ್ತಿಗೆ ಕೊಡುತ್ತಿದ್ದ ಆ ಕರಿ ಸೀರೆಯ ಮೇಲೆ ಕಸೂತಿ ಎದ್ದು ಕಾಣುತ್ತಿತ್ತಲ್ಲ, ಹಾಗೆ ಚಾಕೊಲೇಟಿನ ಕಪ್ಪು ಮೈ, ಅದರ ಮೇಲೆ ಬಿಳಿ ಸಕ್ಕರೆಯ ಒಂದು ಸಾಲು.

ಕೇಕನ್ನು ಹಿಂದಿನ ದಿನವೇ ಬೇಯಿಸು. ತತ್ತಿ ಹಾಕಿದ್ದೋ, ಮೊಸರು ಸೋಡಾದ್ದೋ, ನಿಮ್ಮ ಮನೆಗೆ ನಡೆಯುವುದನ್ನು ಮಾಡು. ಪೂರ್ತಿ ಆರಬೇಕು. ಬೆಚ್ಚಗಿನ ಕೇಕಿನ ಮೇಲೆ ಹಾಕಿದ್ದೆಲ್ಲ ಕರಗಿ ಇಳಿಯುತ್ತದೆ. ನಡುವೆ ಉಬ್ಬಿದ್ದರೆ ಗಟ್ಟಿ ಹೊಲಿಗೆದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅಡ್ಡ ಎಳೆ, ಉಬ್ಬು ಸಪಾಟಾಗಿ ಕತ್ತರಿಸಿ ಬರುತ್ತದೆ. ಆಮೇಲೆ ಕೇಕನ್ನು ಬೋರಲು ಹಾಕು. ಪಾತ್ರೆಯ ತಳಕ್ಕೆ ತಾಗಿದ್ದ ನುಣುಪು ಭಾಗ ಮೇಲೆ ಬರಲಿ. ಅರ್ಧ ಅಲಂಕಾರ ಅಲ್ಲೇ ಮುಗಿಯಿತು.

ಅಂಗಡಿಯಲ್ಲಿ ಸಿಗುವ ಸಣ್ಣ ಪೊಟ್ಟಣದ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ 25 ಪ್ರತಿಶತ. ಅದನ್ನು ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ, ಅದಕ್ಕೆ 30ಕ್ಕಿಂತ ಹೆಚ್ಚಿನ ಕೊಬ್ಬು ಬೇಕು. ಆದರೆ ಚಾಕೊಲೇಟು ಕರಗಿಸಲು ಅದೇ ಕ್ರೀಮು ಧಾರಾಳ ಸಾಕು. ಅರ್ಧ ಕಿಲೋ ಕೇಕಿಗೆ 200 ಗ್ರಾಂ ಕಪ್ಪು ಚಾಕೊಲೇಟು ಹೆರೆದಿಡು, 150 ಗ್ರಾಂ ಕ್ರೀಮು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಕಾಯಿಸಿ ಅದರ ಮೇಲೆ ಸುರಿ. ಐದು ನಿಮಿಷ ಮುಟ್ಟಬೇಡ. ಆಮೇಲೆ ನಡುವಿನಿಂದ ಮೆಲ್ಲಗೆ ತಿರುವು. ಎರಡನ್ನೂ ಸಮಸಮ ಹಾಕಿದರೆ ಮೆತ್ತಗೆ ಉಳಿಯುತ್ತದೆ. ನೀನು ಮೇಲೆ ಗೆರೆ ಎಳೆಯುವವಳು, ನಿನಗೆ ಗಟ್ಟಿ ಬೇಕು.

ಮೊದಲು ತೆಳ್ಳಗೆ ಒಂದು ಪದರ ಸವರು, ಗೋಡೆಗೆ ಸುಣ್ಣ ಹಚ್ಚುವ ಮೊದಲು ಗಿಲಾವು ಮಾಡಿದ ಹಾಗೆ. ಉದುರುವ ಪುಡಿಯನ್ನೆಲ್ಲ ಅದು ಹಿಡಿದಿಡುತ್ತದೆ. ಅದು ಬಿಗಿದ ಮೇಲೆ ಉಳಿದದ್ದನ್ನು ಉಗುರುಬೆಚ್ಚಗೆ ಮಾಡಿ ನಡುವಿಗೆ ಸುರಿದು, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಅಂಚಿಗೆ ತಳ್ಳು. ಕೈಯನ್ನು ಹೆಚ್ಚು ಆಡಿಸಬೇಡ, ಕೆಳಗಿನ ತಟ್ಟೆಯನ್ನೇ ತಿರುಗಿಸು. ಕರೆಂಟು ಹೋದರೂ ಗಾಬರಿಯಾಗಬೇಡ. ನಮ್ಮ ಡಿಸೆಂಬರಿನ ತಂಪು ಮೂಲೆಯಲ್ಲಿ ಎರಡು ಮೂರು ತಾಸಿನಲ್ಲಿ ಬಿಗಿಯುತ್ತದೆ.

ಇನ್ನು ಕಸೂತಿ. ಅದರಲ್ಲಿ ಅಚ್ಚು ಒತ್ತುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಕೇಕಿಗೆ ಎಳೆ ಇಲ್ಲ, ನೀನೇ ಮಾಡಿಕೊ. ಬಿಗಿ ಹಿಡಿದ ದಾರವನ್ನು ಮೇಲ್ಮೈಗೆ ಹಗುರವಾಗಿ ತಾಗಿಸಿ ಒಂದೊಂದು ಸೆಂಟಿಮೀಟರಿಗೆ ಗೆರೆ, ಅಡ್ಡವೂ ಅಷ್ಟೇ. ಚೌಕುಳಿ ಸಿದ್ಧ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಕಸೂತಿಗೆ ನಾಲ್ಕು ಹೊಲಿಗೆ. ನಿನಗೆ ಮುರಗಿ ಸಾಕು: ಮೆಟ್ಟಿಲು ಹತ್ತಿ ಇಳಿದ ಹಾಗೆ ಹೋಗುವ ಗೆರೆ. ಒಂದು ಕಡೆ, ಅಂಚಿಗೆ ಹತ್ತಿರ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಒಂದು ಗೋಪುರ ಮಾಡು, ತುದಿಗೆ ಕಳಸ. ನಡು ಮೈಯನ್ನು ಖಾಲಿ ಬಿಡು. ಕೈ ತುರಿಸುತ್ತದೆ, ಗೊತ್ತು. ಬಿಡು.

ಬಿಳಿಗೆ 100 ಗ್ರಾಂ ಐಸಿಂಗ್ ಸಕ್ಕರೆ. ಮನೆಯಲ್ಲೇ ಬೀಸಿದ್ದಾದರೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸು, ಒಂದು ಹರಳು ಉಳಿದರೂ ಕೋನಿನ ಬಾಯಿ ಕಟ್ಟುತ್ತದೆ. ಎರಡು ಟೀ ಚಮಚ ಹಾಲಿನಿಂದ ಶುರು ಮಾಡಿ ಹನಿ ಹನಿಯಾಗಿ ಹೆಚ್ಚಿಸು. ಮದರಂಗಿಯ ಹದಕ್ಕೆ ಬಂದಾಗ ನಿಲ್ಲಿಸು. ಕೋನು ಕಟ್ಟುವುದನ್ನು ನಿನಗೆ ನಾನು ಹೇಳಿಕೊಡಬೇಕೇ? ನಾಗರಪಂಚಮಿಗೆ ಓಣಿಯ ಹುಡುಗಿಯರ ಕೈಗೆಲ್ಲ ಮದರಂಗಿ ಹಾಕಿದವಳು ನೀನು. ಬೆಣ್ಣೆಕಾಗದದಲ್ಲಿ ಹಾಗೇ ಸುತ್ತು. ಮೊದಲು ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಸಲ ಹಾಕಿ ನೋಡು. ಕೆಟ್ಟರೆ ಕೆರೆದು ಮತ್ತೆ ಕೋನಿಗೆ ತುಂಬು, ನಷ್ಟವೇನಿಲ್ಲ.

ಮಿಂಚು ಬೇಕೇ ಬೇಕು ಅಂದರೆ ಬೆಳ್ಳಿ ಗುಂಡು ತರಬೇಡ. ಸಂಕ್ರಾಂತಿಯ ಕುಸುರೆಳ್ಳು ಆ ಹೊತ್ತಿಗೆ ಪೇಟೆಗೆ ಬಂದಿದ್ದರೆ ಬಿಳಿಯದೇ ಒಂದು ಹಿಡಿ ತಾ. ಕೆಂಡದ ಶಾಖದ ಮೇಲೆ ಎಳ್ಳಿಗೆ ಪಾಕ ಹನಿಸುತ್ತ, ಬೆರಳಾಡಿಸುತ್ತ ಮುಳ್ಳು ಬರಿಸಿದ ಆ ಕಾಳಿಗಿಂತ ಚೆಂದದ ಮುತ್ತು ಯಾವ ಡಬ್ಬಿಯಲ್ಲೂ ಸಿಗದು. ಕಳಸದ ತುದಿಗೆ ಒಂದು, ಬುಡಕ್ಕೆ ಐದಾರು. ಕೇಕು ಹೊರಗೆ ತರುವ ಮುಂಚೆ ಇಡು, ಮೊದಲೇ ಇಟ್ಟರೆ ಪಸೆ ಹೀರಿ ಕರಗುತ್ತವೆ.

ಎರಡು ಎಚ್ಚರಿಕೆ. ಒಂದು, ಬಣ್ಣ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ ತಂದು ಪರೀಕ್ಷಿಸಿದ 235 ಕೇಕುಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ಅನುಮತಿ ಇರುವ ಕೃತಕ ಬಣ್ಣಕ್ಕೂ ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿ ಇದೆ. ಅಡುಗೆಮನೆಯಲ್ಲಿ ಅಷ್ಟನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀ? ಹಾಲು ಸಕ್ಕರೆಯ ಬಿಳಿಗೆ ಈ ಚಿಂತೆಯೇ ಇಲ್ಲ. ಎರಡು, ಹೂವು. ಫೋನಿನಲ್ಲಿ ನೋಡಿ ತಾಜಾ ಹೂವು ಚುಚ್ಚುವ ಆಸೆ ಬಂದೀತು. ಬೇಲಿಯ ಕಣಗಿಲೆ ವಿಷ, ಅದನ್ನು ಕೇಕಿನ ಹತ್ತಿರ ತರಬೇಡ. ಪೇಟೆಯ ಸೇವಂತಿಗೆಗೆ ಏನು ಸಿಂಪಡಿಸಿದ್ದಾರೋ ಬಲ್ಲವರಾರು. ಔಷಧಿ ಕಾಣದ ಹಿತ್ತಲಿನ ಗುಲಾಬಿ ಎಸಳು ಬೇಕಾದರೆ ತೊಳೆದು, ಒರೆಸಿ, ತಟ್ಟೆಯ ಸುತ್ತ ಇಡು.

ಕಸೂತಿಯಲ್ಲಿ ಇನ್ನೊಂದು ಗುಣವಿದೆ. ಅದಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆ ಮುಂದೆ ಹೇಗೋ ಹಿಂದೆಯೂ ಹಾಗೇ. ಬೆನ್ನಿನ ಕಡೆ ತಿರುಗಿಸಿ ನೋಡುವವರಿಗೂ ಹೆದರಬೇಕಿಲ್ಲ. ಕೇಕಿನ ಬೆನ್ನು ಅಂದರೆ ಅದರ ರುಚಿ. ಒಳಗೆ ಒಣಗಿದ್ದನ್ನು, ಸೀದದ್ದನ್ನು ಮುಚ್ಚಲು ಹೊರಟ ಅಲಂಕಾರವೇ ಹೆಚ್ಚಾಗುವುದು. ಹಿಟ್ಟು ಕಲಸುವಾಗ ನೀನು ಮನಸ್ಸಿಟ್ಟಿದ್ದರೆ ಮೇಲೆ ಮುಚ್ಚಲು ಏನೂ ಇರುವುದಿಲ್ಲ.

ಕಡೆಯ ಮಾತು. ಗೋಪುರ ಮುಗಿದ ಮೇಲೂ ಕೋನಿನಲ್ಲಿ ಒಂದಿಷ್ಟು ಬಿಳಿ ಉಳಿದೇ ಉಳಿಯುತ್ತದೆ. ಕೇಕು ಕೆಡುವುದು ಆ ಉಳಿಕೆಯಿಂದಲೇ: 'ಇಲ್ಲೊಂದು ಹೂ, ಅಲ್ಲೊಂದು ಹೆಸರು' ಅನ್ನಿಸುವುದು ಆಗ. ಆ ಕೋನನ್ನು ಮಕ್ಕಳ ಕೈಗೆ ಕೊಟ್ಟು, ಒಂದು ತಟ್ಟೆ ಬಿಸ್ಕೀಟು ಮುಂದಿಟ್ಟು, ಬೇಕಾದ್ದು ಬರೆದುಕೊಳ್ಳಿರಿ ಅನ್ನು. ನೀನು ಕೈ ತೊಳೆದುಕೊಂಡು ಹೊರಗೆ ಬಂದುಬಿಡು.